ಏಳನೇ ಫ್ರೇಮಿಗೆ ಮುಂಚೆ ಹಾಕಿದ ಇಸ್ತ್ರಿ

ಕಾರವಾರದ ಒಂದು ಕ್ಲಬ್ಬಿನಲ್ಲಿ ನಾನು ಮೂವತ್ತೊಂದು ವರ್ಷ ಮಾರ್ಕರ್ ಆಗಿದ್ದೆ. ಮಾರ್ಕರ್ ಅಂದರೆ ಎಂತಹ ಕೆಲಸ ಎಂದು ಅಗಸೂರಿನ ನಮ್ಮ ಕಡೆಯವರಿಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಒಮ್ಮೆ ನನ್ನ ಚಿಕ್ಕಮ್ಮ ಪೇಟೆಗೆ ಬಂದವಳು ಕ್ಲಬ್ಬಿನ ಕಿಟಕಿಯಲ್ಲಿ ಇಣುಕಿ, ನಾನು ಇಸ್ತ್ರಿಪೆಟ್ಟಿಗೆ ಹಿಡಿದು ನಿಂತದ್ದನ್ನು ನೋಡಿಕೊಂಡು ಹೋದಳು. ಊರಿಗೆ ಹೋಗಿ, ‘ಪಾಪ, ಬೊಮ್ಮಯ್ಯ ಸಾಹೇಬ್ರ ಬಟ್ಟೆಗೆ ಇಸ್ತ್ರಿ ಹಾಕ್ಕಂಡಿದ್ದ’ ಎಂದು ಸಾರಿದಳು. ನನಗೆ ಹೆಣ್ಣು ನೋಡುವಾಗ ಆ ಮಾತು ಎರಡು ಮನೆಯಲ್ಲಿ ಅಡ್ಡ ಬಂತು. ಪೂರ್ತಿ ಸುಳ್ಳು ಅನ್ನುವ ಹಾಗೂ ಇರಲಿಲ್ಲ. ನಾನು ಇಸ್ತ್ರಿ ಹಾಕುತ್ತಿದ್ದದ್ದು ಹೌದು, ಆದರೆ ಸ್ನೂಕರ್ ಟೇಬಲ್ಲಿಗೆ ಬಿಗಿದ ಹನ್ನೆರಡು ಅಡಿ ಉದ್ದ ಆರಡಿ ಅಗಲದ ಬಟ್ಟೆಗೆ. ಆ ಟೇಬಲ್ ನೋಡಿಕೊಂಡು ಆಟದ ಅಂಕ ಏರಿಸುವವನೇ ಮಾರ್ಕರ್.

ಈಗಿನ ಕ್ಲಬ್ಬಿನವರು ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ಉಪಯೋಗವಾಗುವ ಹಾಗೆ ನಾಲ್ಕು ಮಾತು ಬರೆದುಕೊಡಿ ಎಂದಿದ್ದಾರೆ. ಬರೆಯುತ್ತೇನೆ. ಆದರೆ ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಬರೆಯುವುದಿಲ್ಲ. ಅದರಿಂದ ಯಾರಿಗೂ ಒಂದು ಚೆಂಡೂ ಪಾಕೆಟ್ಟಿಗೆ ಬೀಳುವುದಿಲ್ಲ.

ನನಗೆ ಕೆಲಸ ಕಲಿಸಿದವರು ಪುಂಡಲೀಕ ಬಾಬ. ಕೊಂಕಣಿ ಮನೆಮಾತಿನವರು, ತೆಳ್ಳಗೆ ಉದ್ದಕ್ಕೆ ಇದ್ದರು, ಬಾಯಲ್ಲಿ ಯಾವಾಗಲೂ ಒಂದು ಲವಂಗ. ಮೊದಲ ದಿನ ನನಗೆ ಚೆಂಡು ಹೊಡೆಯುವ ಕ್ಯೂ ಕೋಲನ್ನು ಮುಟ್ಟಲಿಕ್ಕೇ ಕೊಡಲಿಲ್ಲ. ನನ್ನ ಅಂಗೈ ಹಿಡಿದು ಮಗುಚಿ, ಬೆರಳಿನ ಹಿಂಬದಿಯಿಂದ ಟೇಬಲ್ಲಿನ ಹಸಿರು ಬಟ್ಟೆ ಸವರಿಸಿದರು.

‘ಪಳೆ, ನೋಡು. ಇತ್ಲಾಗಿಂದ ಅತ್ಲಾಗೆ ಸವರಿದ್ರೆ ನುಣ್ಣಗೆ. ಅತ್ಲಾಗಿಂದ ಇತ್ಲಾಗೆ ತಂದ್ರೆ ಒರಟು. ಆಕಳ ಮೈಮೇಲೆ ಕೈ ಆಡ್ಸಿದ್ಯೋ ಇಲ್ವೋ ನೀನು?’

‘ಆಡ್ಸಿದ್ದೆ ಬಾಬ.’

‘ಹಂಗೇ. ಇದು ಉಣ್ಣೆ. ಇದಕ್ಕೂ ರೋಮ ಅದೆ. ರೋಮ ಮಲಗಿದ ದಿಕ್ಕಿಗೇ ಬ್ರಶ್ಶು, ಅದೇ ದಿಕ್ಕಿಗೆ ಇಸ್ತ್ರಿ. ತಿರುಗಾಮುರುಗಾ ಹೊಡೆದ್ಯೋ, ಚೆಂಡು ಹಾವಿನ ಹಂಗೆ ಹೋಗ್ತದೆ. ಹಳೂ ಮಾಡೂದು. ಹಳೂ.’

‘ಹಳೂ’ ಅಂದರೆ ಅವರ ಮಾತಿನಲ್ಲಿ ನಿಧಾನ. ಮೂರು ತಿಂಗಳು ನಾನು ಕೇಳಿದ್ದು ಹೆಚ್ಚುಕಡಿಮೆ ಅದೊಂದೇ ಶಬ್ದ. ಇಸ್ತ್ರಿಯ ಬಿಸಿಯನ್ನು ಮೊದಲು ಹಳೆ ಪೇಪರಿನ ಮೇಲೆ ಇಟ್ಟು ನೋಡಬೇಕು, ಪೇಪರಿನ ಬಣ್ಣ ತಿರುಗಬಾರದು. ಆಮೇಲೆ ಬಟ್ಟೆಯ ಮೇಲೆ ಇಟ್ಟರೆ ಎಲ್ಲೂ ನಿಲ್ಲಿಸದೆ ಈ ತುದಿಯಿಂದ ಆ ತುದಿಗೆ ಎಳೆಯಬೇಕು. ನಡುವೆ ಯಾರಾದರೂ ಕರೆದರೆ ‘ಓ’ ಅನ್ನುವ ಹಾಗಿಲ್ಲ, ಓಗೊಡುವಷ್ಟರಲ್ಲಿ ಬಟ್ಟೆಯ ಮೇಲೆ ಕಂದು ಕಲೆ ಕೂತಿರುತ್ತದೆ.

ಒಳನಾಡಿನ ಮಾರ್ಕರುಗಳಿಗೆ ಇಷ್ಟೆಲ್ಲ ತಾಪತ್ರಯ ಇಲ್ಲ. ನಮ್ಮದು ಸಮುದ್ರದ ದಂಡೆ. ಗಾಳಿಮರಗಳ ಆಚೆಗೇ ನೀರು. ಉಪ್ಪಿನ ಡಬ್ಬದ ಮುಚ್ಚಳ ತೆಗೆದಿಟ್ಟರೆ ಸಂಜೆಗೆ ಉಪ್ಪು ನೀರಾಗುವ ಊರಿನಲ್ಲಿ ಉಣ್ಣೆಬಟ್ಟೆ ಒಣಗಿ ಇರುತ್ತದೆಯೇ? ತೇವ ಹಿಡಿದ ಬಟ್ಟೆಯ ಮೇಲೆ ಚೆಂಡು ಭಾರವಾಗಿ, ಎಳೆದುಕೊಂಡು ಹೋಗುತ್ತದೆ. ಅದಕ್ಕೆ ಪುಂಡಲೀಕ ಬಾಬ ಟೇಬಲ್ಲಿನ ಅಡಿಗೆ ನಾಲ್ಕು ಬಲ್ಬು ಕಟ್ಟಿದ್ದರು. ಅವು ಹಗಲೂ ಉರಿದು ಕಲ್ಲಿನ ಹಾಸನ್ನು ಬೆಚ್ಚಗೆ ಇಡಬೇಕು. ಕರೆಂಟು ಹೋದರೆ ಒಂದು ತಾಸಿನಲ್ಲಿ ಮತ್ತೆ ತೇವ. ಕರೆಂಟು ಬಂದ ಕೂಡಲೇ ಮಾರ್ಕರ್ ಮಾಡಬೇಕಾದ ಮೊದಲ ಕೆಲಸ ಇಸ್ತ್ರಿಗೆ ಕರೆಂಟು ಕೊಡುವುದು. ಆಮೇಲೆ ಫ್ಯಾನು, ಆಮೇಲೆ ಚಹ. ಇದು ನಮ್ಮ ಕ್ಲಬ್ಬಿನ ಕ್ರಮ, ಯಾವ ಪುಸ್ತಕದಲ್ಲೂ ಇಲ್ಲ.

ನನ್ನ ಮೊದಲ ದೊಡ್ಡ ಫಜೀತಿಯೂ ಕರೆಂಟಿನಿಂದಲೇ. ಒಂದು ಸಂಜೆ ದೀಪ ಹೋದರೂ ಇಬ್ಬರು ಮೆಂಬರರು ಆಟ ನಿಲ್ಲಿಸಲು ಒಪ್ಪದೆ ಗ್ಯಾಸಲೈಟು ತರಿಸಿದರು. ಗ್ಯಾಸಲೈಟಿನಲ್ಲಿ ಕಂದು ಚೆಂಡೂ ಕೆಂಪು ಚೆಂಡೂ ಅಕ್ಕತಂಗಿಯರ ಹಾಗೆ ಕಾಣುತ್ತವೆ. ಕಂದು ಬಿದ್ದರೆ ನಾಲ್ಕು ಅಂಕ, ಕೆಂಪು ಬಿದ್ದರೆ ಒಂದು. ನಾನು ನಾಲ್ಕರ ಜಾಗದಲ್ಲಿ ಒಂದನ್ನೇ ಏರಿಸಿದೆ. ಸೋತವರು ದೊಡ್ಡ ಅಧಿಕಾರಿ. ಮರುದಿನ ಬೆಳಗಿನ ಬೆಳಕಿನಲ್ಲಿ ಚೆಂಡುಗಳನ್ನು ಒರೆಸುವಾಗ ನನಗೇ ತಪ್ಪು ಹೊಳೆದು, ಹೋಗಿ ಹೇಳಿದೆ. ಅವರು ಬಿದ್ದುಬಿದ್ದು ನಕ್ಕು, ‘ಇರ್ಲಿ ಬಿಡೋ, ನಿನ್ನೆಯಿಂದ ಹೆಂಡತಿಗೆ ಹೇಳ್ತಾ ಇದ್ದೆ, ನಾನು ಸೋತಿಲ್ಲ ಅಂತ’ ಎಂದರು. ತಪ್ಪು ಒಪ್ಪಿಕೊಂಡರೆ ಜನ ನಗುತ್ತಾರೆ, ಅಷ್ಟೇ, ಎಂದು ನಾನು ಆಗ ತಿಳಿದುಕೊಂಡೆ. ಬಹಳ ವರ್ಷ ಹಾಗೇ ತಿಳಿದುಕೊಂಡಿದ್ದೆ.

ಮೇಲಿನವರ ಪೈಕಿ ನೆನಪಿಡಬೇಕಾದವರು ಒಬ್ಬ ಸೆಕ್ರೆಟರಿ ಸಾಹೇಬರು. ನಿವೃತ್ತ ಇಂಜಿನಿಯರು. ಅವರು ಬಂದರೆ ಕಂಕುಳಲ್ಲಿ ರಸಮಟ್ಟ ಇರಲೇಬೇಕು. ದಿನಾ ಟೇಬಲ್ಲಿನ ಮೇಲೆ ಇಟ್ಟು, ಮಟ್ಟ ಸರಿಯಿದೆಯೇ ಎಂದು ಗುಳ್ಳೆ ನೋಡುವರು. ‘ಬೊಮ್ಮಯ್ಯ, ಆಗ್ನೇಯಕ್ಕೆ ಒಂದು ಕೂದಲು ಇಳಿದದೆ’ ಎನ್ನುವರು. ಟೇಬಲ್ಲಿನ ಕಾಲಿನಡಿಗೆ ಒಂದು ಇಸ್ಪೀಟು ಎಲೆ ತುರುಕುವುದು, ಮರುದಿನ ತೆಗೆಯುವುದು. ‘ಇವ್ರ ದೆಸೆಯಿಂದ ಕ್ಲಬ್ಬಲ್ಲಿ ಇಸ್ಪೀಟ್ ಆಡೂಕೆ ಐವತ್ತೆರಡು ಎಲೆ ಸಿಕ್ತಿಲ್ಲ ಮಾರಾಯಾ’ ಎಂದು ಮೆಂಬರರು ನನ್ನ ಹತ್ತಿರ ಗೊಣಗುತ್ತಿದ್ದರು. ಆದರೆ ರಾಜ್ಯಮಟ್ಟದ ಸ್ನೂಕರ್ ರ‍್ಯಾಂಕಿಂಗ್ ಟೂರ್ನಮೆಂಟನ್ನು ಕಾರವಾರಕ್ಕೆ ತಂದವರು ಇವರೇ. ಎರಡು ಸಾವಿರದ ದಶಕದ ನಡುವಿನ ಮಾತು. ಬೆಂಗಳೂರು, ಮೈಸೂರು, ಹುಬ್ಬಳ್ಳಿ ಬಿಟ್ಟು ಆಚೆ ನಡೆಯದ ಟೂರ್ನಮೆಂಟು. ಪತ್ರ ಬರೆದು, ಫೋನು ಮಾಡಿ, ಕೊನೆಗೆ ಖುದ್ದು ಹೋಗಿ ಕೂತು ತಂದರು. ಸಿಕ್ಕಿದ್ದು ಮೇ ತಿಂಗಳ ಕೊನೆಯ ವಾರ. ಮೇ ಕೊನೆ ಅಂದರೆ ನಮ್ಮಲ್ಲಿ ಅರ್ಧ ಮಳೆಗಾಲ. ಬೆಂಗಳೂರಿನವರಿಗೆ ಅದು ಗೊತ್ತಿರಲಿಲ್ಲ, ಸಾಹೇಬರು ಹೇಳಲೂ ಇಲ್ಲ.

ಆ ಟೂರ್ನಮೆಂಟಿಗೆ ನಮ್ಮೂರಿನಿಂದ ಆಡಿದವನು ಒಬ್ಬನೇ, ಹಣಕೋಣದ ಉಲ್ಲಾಸ. ಕಾಲೇಜಿನ ಲ್ಯಾಬಿನಲ್ಲಿ ಹತ್ತು ವರ್ಷದಿಂದ ಟೆಂಪರರಿ ಅಟೆಂಡರ್. ಅವನ ಕೈ ನೋಡಿ ಸೆಕ್ರೆಟರಿ ಸಾಹೇಬರೇ ಶುಲ್ಕವಿಲ್ಲದೆ ಕ್ಲಬ್ಬಿನಲ್ಲಿ ಆಡಲು ಬಿಟ್ಟಿದ್ದರು. ಕ್ಯೂ ಹಿಡಿದು ಬಾಗಿದರೆ ಅವನ ಗಲ್ಲ, ಮೊಣಕೈ, ಚೆಂಡು ಒಂದೇ ಗೆರೆ. ಮಾತು ಕಡಿಮೆ. ಸೋತರೆ ‘ಚಲ್ತದೆ, ಬಿಡಿ’ ಅನ್ನುವನು, ಗೆದ್ದರೂ ಅದನ್ನೇ ಅನ್ನುವನು. ಅವನು ಕಲಿತದ್ದೆಲ್ಲ ನನ್ನ ಟೇಬಲ್ಲಿನ ಮೇಲೆ.

ಅವನಿಗೆ ಆಗ ಮೂವತ್ತನಾಲ್ಕು ದಾಟಿತ್ತು. ಟೂರ್ನಮೆಂಟಿನಲ್ಲಿ ಮೊದಲ ಎಂಟರೊಳಗೆ ಬಂದರೆ ರಾಜ್ಯದ ತಂಡದಲ್ಲಿ ರಾಷ್ಟ್ರೀಯ ಪಂದ್ಯಕ್ಕೆ ಹೋಗಬಹುದು. ಹೋಗಿ ಬಂದ ಸರ್ಟಿಫಿಕೇಟು ಇದ್ದರೆ ಕ್ರೀಡಾ ಕೋಟಾದಲ್ಲಿ ಕಾಯಂ ನೌಕರಿಗೆ ಅರ್ಜಿ ಹಾಕಬಹುದು. ಮೂವತ್ತೈದು ತುಂಬಿತೋ, ಆ ಬಾಗಿಲು ಮುಚ್ಚಿತು. ಇದೇ ಕೊನೆಯ ಸಲ ಎಂದು ನನಗೆ ಗೊತ್ತಿತ್ತು, ಸಾಹೇಬರಿಗೆ ಗೊತ್ತಿತ್ತು, ಕ್ಯಾಂಟೀನಿನಲ್ಲಿ ಚಹ ಕೊಡುವವರಿಗೂ ಗೊತ್ತಿತ್ತು.

ಎಷ್ಟು ಸಂಭ್ರಮ ಅಂತೀರಿ ಆ ವಾರ! ಎರಡು ಟೇಬಲ್ಲಿಗೂ ಹೊಸ ಬಟ್ಟೆ ಬಿಗಿದೆವು. ಗೋಡೆಗೆ ದೊಡ್ಡ ಡ್ರಾಯಿಂಗ್ ಶೀಟು ಹಚ್ಚಿ, ಯಾರು ಯಾರ ಮೇಲೆ, ಯಾರು ಗೆದ್ದರು ಎಂದು ಖಾನೆ ಹಾಕಿದ್ದು ನಾನು. ಅಕ್ಷರ ದುಂಡಗಿದೆ ಎಂದು ಫಲಿತಾಂಶ ಬರೆಯುವ ಕೆಲಸ ನನಗೆ ಬಂತು. ಬಿಳಿ ಶರ್ಟಿನ ಮೇಲೆ ಕಪ್ಪು ಬೋ ಕಟ್ಟಿಕೊಂಡು ನಿಂತ ನನ್ನನ್ನು ನೋಡಿ ನನ್ನ ಹೆಂಡತಿ, ‘ಇಶ್ಶಿ, ಬ್ಯಾಂಡಿನವರ ಹಂಗೆ ಕಾಣ್ತ್ರಿ’ ಎಂದು ಸೆರಗು ಬಾಯಿಗಿಟ್ಟು ನಕ್ಕಳು. ಬಂದ ಆಟಗಾರರಲ್ಲಿ ಅರ್ಧ ಜನಕ್ಕೆ ಆಟವೇ ಹೊಟ್ಟೆಪಾಡು. ಅವರ ಕ್ಯೂಗಳಿಗೆ ಚರ್ಮದ ಪೆಟ್ಟಿಗೆ, ಕ್ಯೂ ತುದಿಗೆ ತಿಕ್ಕುವ ಚಾಕ್‌ಪೀಸಿಗೂ ಅಯಸ್ಕಾಂತದ ಚೀಲ. ಅವರ ಕೈಯಲ್ಲಿ ಚೆಂಡಿಗೆ ಚೆಂಡು ತಾಗುವ ಸದ್ದೇ ಬೇರೆ. ಈಗ ಮನೆಯ ಜಗಲಿಯಲ್ಲಿ ಕೂತಾಗಲೂ ಒಮ್ಮೊಮ್ಮೆ ಆ ಸದ್ದು ಕಿವಿಯಲ್ಲಿ ಕೇಳುತ್ತದೆ, ಕಣ್ಣು ಮಂಜಾಗುತ್ತದೆ. ಅಂಥ ವಾರ ನನ್ನ ನೌಕರಿಯಲ್ಲಿ ಇನ್ನೊಂದು ಬರಲಿಲ್ಲ.

ಮೂರನೇ ದಿನ ಬೆಂಗಳೂರಿನ ಒಬ್ಬ ಆಟಗಾರ ಸೋತು ಎದ್ದು, ಎಲ್ಲರಿಗೂ ಕೇಳುವ ಹಾಗೆ ನನಗೆ ಅಂದ, ‘ಏನ್ ಸಾರ್ ಇದು, ಟೇಬಲ್ಲಾ, ಒದ್ದೆ ಗೋಣಿಚೀಲಾನಾ?’ ಕೂತವರು ನಕ್ಕರು. ನಾನೂ ನಕ್ಕೆ. ಒಳಗೆ ಮಾತ್ರ ಮೈಯೆಲ್ಲ ಉರಿಯಿತು. ಇಪ್ಪತ್ತೆಂಟು ವರ್ಷ ದಿನಾ ಬೆಳಗ್ಗೆ ಬೆನ್ನು ಬಗ್ಗಿಸಿ ಇಸ್ತ್ರಿ ಎಳೆದ ಟೇಬಲ್ಲನ್ನು ಗೋಣಿಚೀಲ ಅಂದರೆ ಯಾರಿಗೆ ಸಹನೆಯಾಗುತ್ತದೆ? ಆ ರಾತ್ರಿ ಊಟವೂ ಸೇರಲಿಲ್ಲ.

ಮರುದಿನ ಬೆಳಗ್ಗೆ ಉಲ್ಲಾಸನ ಪಂದ್ಯ. ಗೆದ್ದರೆ ಎಂಟರೊಳಗೆ. ಎದುರಿಗೆ ಬೆಂಗಳೂರಿನ ಇನ್ನೊಬ್ಬ, ಹೊಸಬರಿಗೆ ಆಟ ಕಲಿಸಿ ಜೀವನ ಮಾಡುವವನು, ಒಳ್ಳೆಯ ಮನುಷ್ಯ. ಏಳು ಫ್ರೇಮಿನ ಪಂದ್ಯ, ಅಂದರೆ ಏಳು ಆಟ, ಮೊದಲು ನಾಲ್ಕು ಗೆದ್ದವನಿಗೆ ಗೆಲುವು. ನಾನು ಅಂಕ ತೋರಿಸುವ ಬೋರ್ಡಿನ ಪಕ್ಕದಲ್ಲಿ. ಬೆಳಗಿನ ಇಸ್ತ್ರಿಯ ಬಿಸಿ ಇರುವಷ್ಟು ಹೊತ್ತು ಬೆಂಗಳೂರಿನವನ ಚೆಂಡು ಹೇಳಿದ ಹಾಗೆ ಕೇಳಿತು. ಮೂರು ಫ್ರೇಮು ಅವನಿಗೆ, ಒಂದು ಉಲ್ಲಾಸನಿಗೆ. ಆಮೇಲೆ ಸಮುದ್ರದ ಮೇಲಿಂದ ಮೋಡ ಕವಿಯಿತು. ಗಾಳಿ ತಣ್ಣಗಾಯಿತು, ಬಟ್ಟೆ ತೇವ ಹಿಡಿಯಿತು, ಚೆಂಡು ಭಾರವಾಯಿತು. ಬೆಂಗಳೂರಿನವನು ಹೊಡೆದ ಚೆಂಡು ಗೇಣು ಹಿಂದೆಯೇ ನಿಲ್ಲತೊಡಗಿತು. ಉಲ್ಲಾಸನಿಗೆ ಅದು ಮನೆಯಂಗಳ. ಎಷ್ಟು ತೇವಕ್ಕೆ ಎಷ್ಟು ಜೋರು ಎಂದು ಅವನ ಮೊಣಕೈಗೇ ಗೊತ್ತು. ಎರಡು ಫ್ರೇಮು ಸಾಲಾಗಿ ಗೆದ್ದ. ಮೂರು, ಮೂರು.

ಅಷ್ಟರಲ್ಲಿ ಮಳೆ ಧೋ ಎಂದು ಹೊಡೆದು ಕರೆಂಟು ಹೋಯಿತು. ಹಾಲೆಲ್ಲ ಕತ್ತಲೆ. ಬೆಂಗಳೂರಿನಿಂದ ಬಂದ ಮುಖ್ಯ ರೆಫ್ರಿ, ‘ಊಟ ಮುಗಿಸಿ ಬನ್ನಿ, ಕರೆಂಟು ಬಂದ ಮೇಲೆ ಏಳನೇ ಫ್ರೇಮು’ ಎಂದರು. ಎಲ್ಲರೂ ಪಕ್ಕದ ಕಟ್ಟಡಕ್ಕೆ ಊಟಕ್ಕೆ ಹೋದರು. ನಾನು ಟೇಬಲ್ ಕಾಯುತ್ತ ಉಳಿದೆ.

ಮುಕ್ಕಾಲು ತಾಸಿಗೆ ಕರೆಂಟು ಬಂತು.

ನನ್ನ ಕೈ ತಾನಾಗಿಯೇ ಇಸ್ತ್ರಿಯ ಪ್ಲಗ್ಗಿಗೆ ಹೋಯಿತು. ಕರೆಂಟು ಬಂದರೆ ಇಸ್ತ್ರಿ, ಆಮೇಲೆ ಫ್ಯಾನು. ಆದರೆ ಎಲ್ಲವನ್ನೂ ಕೈಯ ಅಭ್ಯಾಸದ ಮೇಲೆ ಹಾಕುವುದು ಸರಿಯಲ್ಲ. ಇಸ್ತ್ರಿ ಕಾಯುವಾಗ ನನ್ನ ತಲೆಯಲ್ಲಿ ಇದ್ದದ್ದು ಗೋಣಿಚೀಲದ ಮಾತು. ಈಗ ನೋಡಲಿ ಬೆಂಗಳೂರಿನವರು, ಕಾರವಾರದ ಟೇಬಲ್ ಹೆಂಗೆ ಓಡ್ತದೆ ಅಂತ! ಒಮ್ಮೆ ಬ್ರಶ್ಶು, ಎರಡು ಸಲ ಇಸ್ತ್ರಿ, ಸಾಲದು ಎಂದು ಮೂರನೇ ಸಲ. ಉಣ್ಣೆಯ ಬಿಸಿ ವಾಸನೆ ಎದ್ದಿತು. ಬೆವರು ಬಟ್ಟೆಯ ಮೇಲೆ ಬೀಳಬಾರದೆಂದು ಹೆಗಲಿಗೆ ಮುಖ ಒರೆಸಿಕೊಳ್ಳುತ್ತ ಎಳೆದೆ. ಅಷ್ಟು ಚೆನ್ನಾಗಿ ಇಸ್ತ್ರಿ ಹಾಕಿದ್ದು ನನ್ನ ಜೀವಮಾನದಲ್ಲೇ ಇಲ್ಲ. ಮುಖ್ಯ ರೆಫ್ರಿ ಬಂದು ಬಟ್ಟೆ ಮುಟ್ಟಿ, ‘ಗುಡ್, ಗುಡ್’ ಎಂದರು. ನಿಯಮದಲ್ಲಿ ತಪ್ಪೇನೂ ಇರಲಿಲ್ಲ, ಫ್ರೇಮಿನ ನಡುವೆ ಹಾಕಿದ್ದಲ್ಲವಲ್ಲ.

ಚೆಂಡು ಜೋಡಿಸಿ ಮೊದಲ ಹೊಡೆತ ಬಿತ್ತು. ಬಿಳಿ ಚೆಂಡು ಎಣ್ಣೆ ಹಚ್ಚಿದ ಹಾಗೆ ಓಡಿತು. ಅಯ್ಯೋ ದೇವರೇ, ಉಲ್ಲಾಸ ಗೆದ್ದ ಎರಡು ಫ್ರೇಮು ಎಂಥ ಬಟ್ಟೆಯ ಮೇಲೆ ಗೆದ್ದದ್ದು ಎಂದು ನನಗೆ ಆಗ ಹೊಳೆಯಿತು. ಟೇಬಲ್ಲನ್ನು ನನ್ನಷ್ಟು ತಿಳಿದವನು ಬೇರೆ ಇರಲಿಲ್ಲ, ಇಸ್ತ್ರಿ ಎಳೆಯುವಾಗ ನನಗೇ ಹೊಳೆದಿರಲಿಲ್ಲ.

ಆದರೂ ಉಲ್ಲಾಸ ಹಿಡಿದು ಆಡಿದ. ಐವತ್ತನಾಲ್ಕು ಅವನದು, ಐವತ್ತೆರಡು ಎದುರಿನವನದು. ಟೇಬಲ್ಲಿನ ಮೇಲೆ ಉಳಿದದ್ದು ಐದು ಅಂಕದ ನೀಲಿ, ಆರರ ಗುಲಾಬಿ, ಏಳರ ಕಪ್ಪು. ನೀಲಿ ಹಾಕಿ, ಆಮೇಲೆ ಗುಲಾಬಿ ಹಾಕಿದರೆ ಮುಗಿಯಿತು, ಎದುರಿನವನಿಗೆ ಏನೂ ಉಳಿಯುವುದಿಲ್ಲ. ಉಲ್ಲಾಸ ಬಾಗಿದ. ನೀಲಿ ಸೀದಾ ನಡುವಿನ ಪಾಕೆಟ್ಟಿಗೆ ಬಿತ್ತು. ಯಾರೋ ಚಪ್ಪಾಳೆ ಹೊಡೆಯಲು ಕೈ ಎತ್ತಿದರು. ಬಿಳಿ ಚೆಂಡು ಗುಲಾಬಿಯ ಹತ್ತಿರ ನಿಲ್ಲಬೇಕು. ನಿಲ್ಲಲಿಲ್ಲ. ಅಂಚಿನ ಕುಶನ್ನಿಗೆ ತಾಗಿ ತಿರುಗಿತು. ಇನ್ನಾದರೂ ನಿಲ್ಲಬೇಕು. ನಿಲ್ಲಲಿಲ್ಲ. ನಿಲ್ಲು, ನಿಲ್ಲು ಎಂದು ನಾನು ಹಲ್ಲು ಕಚ್ಚಿಕೊಂಡಿದ್ದೆ. ಹಳೂ, ಹಳೂ, ಅದು ಮೂಲೆಯ ಪಾಕೆಟ್ಟಿನ ಬಾಯಿಗೆ ಹೋಗಿ ಒಳಗೆ ಇಳಿಯಿತು.

‘ಫೌಲ್, ಐದು’ ಎಂದರು ರೆಫ್ರಿ. ಬಿಳಿ ಚೆಂಡು ಬಿದ್ದರೆ ಹಾಕಿದ ನೀಲಿಯೂ ಲೆಕ್ಕಕ್ಕಿಲ್ಲ, ಐದು ಅಂಕ ಎದುರಿನವನಿಗೆ.

ಬೋರ್ಡಿನ ಮೇಲಿನ ಹಿತ್ತಾಳೆ ಮುಳ್ಳನ್ನು ಎದುರಿನವನ ಕಡೆ ಐದು ಮನೆ ಸರಿಸಿದ್ದು ನನ್ನ ಕೈಯೇ. ನೀಲಿಯನ್ನು ಎತ್ತಿ ಮತ್ತೆ ಅದರ ಜಾಗಕ್ಕೆ ಇಟ್ಟರು. ಬೆಂಗಳೂರಿನವನು ನೀಲಿ ಹಾಕಿದ, ಗುಲಾಬಿ ಹಾಕಿದ. ಅರವತ್ತೆಂಟು, ಐವತ್ತನಾಲ್ಕು. ಅವನು ಉಲ್ಲಾಸನ ಕೈ ಕುಲುಕಿ, ನನ್ನ ಹತ್ತಿರ ಬಂದು ನನ್ನ ಕೈಯನ್ನೂ ಹಿಡಿದು, ‘ಕೊನೇ ಫ್ರೇಮಲ್ಲಿ ಟೇಬಲ್ ಬೆಣ್ಣೆ ಥರ ಇತ್ತು ಸಾರ್’ ಎಂದ. ನನಗೆ ಬೇಕಾಗಿದ್ದ ಮಾತು ಅದೇ. 

ಆಮೇಲೆ ಗೋಡೆಯ ಶೀಟಿನಲ್ಲಿ ಗೆದ್ದವನ ಹೆಸರು ಬರೆದೆ. ವಾರದ ಕೊನೆಗೆ ರ‍್ಯಾಂಕಿಂಗ್ ಪಟ್ಟಿ ಬಂತು. ಅದನ್ನೂ ಶುದ್ಧಪ್ರತಿ ಮಾಡಿದ್ದು ನಾನೇ. ಎಂಟು ಹೆಸರು ಬರೆದು, ಗೆರೆ ಎಳೆದು, ಒಂಬತ್ತನೆಯದಾಗಿ ಉಲ್ಲಾಸನ ಹೆಸರು ಬರೆದೆ. ಆ ಪಟ್ಟಿಯಲ್ಲಿ ಒಂಬತ್ತು ಅಂದರೆ ತೊಂಬತ್ತೂ ಒಂದೇ.

ಅವನಿಗೆ ಹೇಳಬೇಕೆಂದು ಎಷ್ಟೋ ಸಲ ಹೊರಟೆ. ಕಾಲೇಜಿನವರು ಮುಂದಿನ ವರ್ಷ ಟೆಂಪರರಿಯನ್ನೂ ತೆಗೆದರು. ಅವನು ಸದಾಶಿವಗಡದ ಒಂದು ಸಿಮೆಂಟ್ ಅಂಗಡಿಗೆ ಸೇರಿದ. ಕ್ಲಬ್ಬಿಗೆ ಬರುವುದು ನಿಂತಿತು. ಎದುರು ಸಿಕ್ಕಾಗ ‘ಆರಾಮ ಬೊಮ್ಮಣ್ಣ?’ ಎನ್ನುವನು. ‘ಆರಾಮ’ ಎನ್ನುವೆನು. ನಾಲಿಗೆಯ ತುದಿಗೆ ಬಂದದ್ದು ಅಲ್ಲೇ ಉಳಿಯುವುದು.

ಈ ನಡುವೆ ಕ್ಲಬ್ಬಿನಲ್ಲಿ ಎಲ್ಲ ಬದಲಾಯಿತು. ಏಸಿ ಬಂತು, ಟೇಬಲ್ಲಿನ ಅಡಿಗೆ ಬಲ್ಬಿನ ಬದಲು ಹೀಟರು ಬಂತು, ಹಿತ್ತಾಳೆ ಮುಳ್ಳಿನ ಬೋರ್ಡು ಹೋಗಿ ಕೆಂಪು ಅಂಕಿ ಬೆಳಗುವ ಪೆಟ್ಟಿಗೆ ಬಂತು. ಬಟ್ಟೆಯೂ ಈಗ ತೆಳ್ಳಗೆ, ಚೆಂಡು ವರ್ಷವಿಡೀ ಒಂದೇ ಸಮ ಓಡುತ್ತದೆ. ಒಳ್ಳೆಯದೇ. ಈಗಿನ ಮಾರ್ಕರ್ ಕಿಟಕಿಯಾಚೆ ಮೋಡ ನೋಡಬೇಕಾಗಿಲ್ಲ. ನನಗೆ ಮಾತ್ರ ಏಸಿಯ ತಣ್ಣನೆ ಗಾಳಿಯಲ್ಲಿ ಟೇಬಲ್ ಯಾರದೋ ಅನ್ನಿಸುತ್ತಿತ್ತು.

ನಾನು ನಿವೃತ್ತನಾದ ದಿನ ಉಲ್ಲಾಸ ಬಂದಿದ್ದ, ಅಂಗಡಿಯಿಂದ ನೇರ, ಕೂದಲಲ್ಲಿ ಸಿಮೆಂಟಿನ ಧೂಳು. ಭಾಷಣ, ಹಾರ ಎಲ್ಲ ಮುಗಿದ ಮೇಲೆ ಇಬ್ಬರೇ ಹಾಲಿನ ಮೂಲೆಯ ಬೆಂಚಿನ ಮೇಲೆ ಕೂತೆವು. ಇವತ್ತು ಹೇಳದಿದ್ದರೆ ಇನ್ನಿಲ್ಲ ಎಂದುಕೊಂಡು ಹೇಳಿದೆ.

‘ತಮಾ, ಆವತ್ತು ಏಳನೇ ಫ್ರೇಮಿಗೆ ಮುಂಚೆ ನಾ ಇಸ್ತ್ರಿ ಹಾಕಿದ್ದೆ.’

‘ಗೊತ್ತದೆ ಬೊಮ್ಮಣ್ಣ.’

‘ಎಂತಾ ಗೊತ್ತದೆ?’

‘ಊಟ ಸೇರ್ಲಿಲ್ಲ, ಬೇಗ ಎದ್ದು ಬಂದಿದ್ದೆ. ಬಾಗಿಲಲ್ಲೇ ನಿಂತಿದ್ದೆ. ನೀವು ನೋಡ್ಲಿಲ್ಲ.’

‘ಥೋ ಮಾರಾಯಾ! ಮತ್ತೆ ಬೇಡಾ ಹೇಳೂಕೆ ಎಂತಾ ಆಗಿತ್ತು? ಇದ್ದ ಹಂಗೇ ಬಿಡಿ ಅಂತಾದ್ರೂ ರೆಫ್ರಿಗೆ ಹೇಳ್ಬೇಕಿತ್ತು!’

ಅವನು ಕೂದಲಿನ ಸಿಮೆಂಟು ಕೊಡವಿಕೊಂಡ.

‘ಹೆಂಗೆ ಹೇಳೂದು? ಅಷ್ಟು ಬೆವರು ಸುರಿಸ್ಕಂಡು ಎಳೀತಿದ್ರಿ. ಮೂರು ಸಲ ಎಳೆದ್ರಿ, ನಾ ಲೆಕ್ಕ ಹಾಕ್ತಾ ನಿಂತಿದ್ದೆ. ನಂಗಾಗಿ ಒಬ್ಬರು ಇಷ್ಟು ಮಾಡ್ತಿದ್ರಲ್ಲ ಅಂತ ಕಣ್ಣಲ್ಲಿ ನೀರು ಬಂತು. ಬೇಡ ಅಂದ್ರೆ ನಿಮಗೆ ಬೇಜಾರಾಗ್ತಿತ್ತು. ಸೋತದ್ದಕ್ಕೆ ನೀವು ಎಂತಕ್ಕೂ ತಲೆ ಕೆಡ್ಸ್ಕಣಬೇಡಿ. ನನ್ನ ಸಲುವಾಗೇ ಹಾಕಿದ್ದಲ್ದಾ?’

ನಾನು ಅವನ ಮುಖ ನೋಡಲಿಲ್ಲ.

‘ಹೌದು ತಮಾ,’ ಎಂದೆ. ‘ನಿನ್ನ ಸಲುವಾಗೇ.’

ಅವನು ನನ್ನ ಕಾಲು ಮುಟ್ಟಿ, ಸದಾಶಿವಗಡದ ಬಸ್ಸು ಹಿಡಿಯಲು ಹೋದ.

ಕ್ಲಬ್ಬಿನವರು ಇದನ್ನು ಅಚ್ಚು ಹಾಕಿಸಿ ಹಳೆಯ ಆಟಗಾರರಿಗೂ ಒಂದೊಂದು ಪ್ರತಿ ಕಳಿಸುತ್ತಾರಂತೆ. ಹೊಸ ಮಾರ್ಕರುಗಳಿಗೆ ನಾಲ್ಕು ಮಾತು ಬೇಕು ಎಂದದ್ದಕ್ಕೆ ಒಪ್ಪಿಕೊಂಡೆನಲ್ಲ, ನಿಜವಾದ ಕಾರಣ ಆ ಪ್ರತಿ. ಹಣಕೋಣಕ್ಕೂ ಒಂದು ಹೋಗುತ್ತದೆ. ಉಲ್ಲಾಸಾ, ಆ ಇಸ್ತ್ರಿ ನಿನ್ನ ಸಲುವಾಗಿ ಹಾಕಿದ್ದಲ್ಲ. ಆ ಹೊತ್ತಿನಲ್ಲಿ ನಿನ್ನ ನೆನಪೇ ನನಗೆ ಇರಲಿಲ್ಲ.